ಹರೆಯದ ಮೊಡವೆ: ಊಟದ ಪಾತ್ರವೆಷ್ಟು?

ಮೊಡವೆಗೂ ಸಹಕಾರ ಸಂಘಕ್ಕೂ ಏನು ಸಂಬಂಧವೆಂದು ಸದಸ್ಯರು ಕೇಳಬಹುದು. ಗೊಬ್ಬರದ ಲೆಕ್ಕಕ್ಕೆ ಕಛೇರಿಗೆ ಬಂದವರು ಮನೆಯ ಮಾತನ್ನೂ ಆಡುತ್ತಾರೆ. ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಕಾಲೇಜಿಗೆ ಹೋಗುವ ಮಗಳ ಮುಖದಲ್ಲಿ ಮೊಡವೆ ಎದ್ದಿದೆಯೆಂದು, ‘ಉಷ್ಣ’ವೆಂಬ ಕಾರಣಕ್ಕೆ ಹುರುಳಿಸಾರು, ಕಡಲೆಕಾಯಿ, ಮೊಟ್ಟೆ, ಬೆಲ್ಲ, ಕೊನೆಗೆ ಹಾಲನ್ನೂ ಬಿಡಿಸಿದ್ದೇವೆಂದು ಈಚೆಗೆ ಹಲವರು ಹೇಳಿದರು. ಮೊಡವೆಗಿಂತ ಈ ಪಥ್ಯವೇ ನನಗೆ ಹೆಚ್ಚು ಚಿಂತೆಯ ವಿಷಯವಾಗಿ ಕಂಡಿದೆ.

ಮೊಡವೆ ರಕ್ತ ಕೆಟ್ಟು ಬರುವ ರೋಗವಲ್ಲ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಎಣ್ಣೆಗ್ರಂಥಿಗಳು ಹೆಚ್ಚು ಜಿಡ್ಡು ಸ್ರವಿಸುತ್ತವೆ. ರೋಮಕೂಪದ ಬಾಯಿ ಕಟ್ಟಿಕೊಳ್ಳುತ್ತದೆ. ಒಳಗೆ ಬ್ಯಾಕ್ಟೀರಿಯಾ ವೃದ್ಧಿಸಿ ಊದಿಕೊಳ್ಳುತ್ತದೆ. ತಂದೆತಾಯಿಗೆ ಇದ್ದಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ತಿಂದ ಎಣ್ಣೆ ನೇರವಾಗಿ ಮುಖದ ಜಿಡ್ಡಾಗುವುದಿಲ್ಲ.

ಹಾಗಾದರೆ ಊಟಕ್ಕೂ ಇದಕ್ಕೂ ನಂಟೇ ಇಲ್ಲವೆ? 1969ರಲ್ಲಿ ಅಮೆರಿಕದಲ್ಲಿ 65 ಮಂದಿಗೆ ಚಾಕೊಲೇಟ್ ತಿನ್ನಿಸಿ ನೋಡಿದ ಪ್ರಯೋಗದ ಬಳಿಕ ವೈದ್ಯರು ಬಹುಕಾಲ ಇಲ್ಲವೆಂದೇ ಹೇಳುತ್ತಿದ್ದರು. ಆದರೆ ಹೋಲಿಕೆಗೆಂದು ಕೊಟ್ಟ ಇನ್ನೊಂದು ತಿನಿಸಿನಲ್ಲೂ ಸಕ್ಕರೆ, ಕೊಬ್ಬು ಬೇಕಾದಷ್ಟಿದ್ದವು! 2002ರಲ್ಲಿ ಪ್ರಕಟವಾದ ವರದಿಯೊಂದರ ಪ್ರಕಾರ, ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದಲ್ಲಿ ಪರೀಕ್ಷಿಸಿದ 1,200 ಜನರಲ್ಲಿ ಒಬ್ಬರಿಗೂ ಮೊಡವೆ ಇರಲಿಲ್ಲ. ಅವರ ಆಹಾರ ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗಿನಕಾಯಿ. ವಂಶಗುಣವೂ ಕಾರಣವಿದ್ದೀತು. 2007ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾದಲ್ಲಿ 43 ಯುವಕರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಆಹಾರ ತಿಂದವರ ಮೊಡವೆ ಹೆಚ್ಚು ತಗ್ಗಿತು. ಸಕ್ಕರೆ ಥಟ್ಟನೆ ಏರಿದರೆ ಇನ್ಸುಲಿನ್ ಏರುತ್ತದೆ, ಅದು ಎಣ್ಣೆಗ್ರಂಥಿಗಳನ್ನು ಪ್ರಚೋದಿಸುತ್ತದೆ ಎಂಬುದು ವಿವರಣೆ. ಆದರೂ ಇಂಥ ಪಥ್ಯವನ್ನು ಶಿಫಾರಸು ಮಾಡಲು ಸಾಕಷ್ಟು ಆಧಾರವಿಲ್ಲವೆಂದೇ ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಹೇಳಿದೆ.

ಹಾಲಿನ ಮೇಲೂ ಸಂಶಯವಿದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ 47,355 ದಾದಿಯರು ತಮ್ಮ ಶಾಲಾದಿನಗಳ ಆಹಾರವನ್ನು ನೆನಪಿಸಿಕೊಂಡು ಕೊಟ್ಟ ಉತ್ತರಗಳಲ್ಲಿ ಹಾಲಿಗೂ ಮೊಡವೆಗೂ ಸ್ವಲ್ಪ ನಂಟು ಕಂಡಿತು. ನೆನಪಿನ ಲೆಕ್ಕವನ್ನು ನಂಬಿ ಬೆಳೆಯುವ ಮಕ್ಕಳ ಹಾಲು ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ಮನೆಯಲ್ಲಿ ಬಿಡಿಸುವುದಾದರೆ ಬಸ್ ನಿಲ್ದಾಣದ ಬೇಕರಿಯ ಬನ್ನು, ಕೇಕು, ಬಾಟಲಿ ಪಾನೀಯಗಳನ್ನು ಬಿಡಿಸಿರಿ. ಬೆಲ್ಲವೂ ಸಕ್ಕರೆಯೇ, ಅದು ತಪ್ಪಿದರೆ ನಷ್ಟವಿಲ್ಲ. ಕಾಫಿಯ ವಿಷಯದಲ್ಲಿ ನಾನು ಪಕ್ಷಪಾತಿ ಎನ್ನಬಹುದು. ಆದರೂ ಲೋಟಕ್ಕೆ ಸುರಿಯುವ ಎರಡು ಚಮಚ ಸಕ್ಕರೆಯನ್ನು ಮೊದಲು ಕಡಿಮೆ ಮಾಡಿ ನೋಡಿರಿ. ರಾಗಿಯೂ ನುಣ್ಣನೆಯ ಹಿಟ್ಟಿನ ಗಂಜಿಯಾದರೆ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮುದ್ದೆಯ ಜೊತೆ ಕಾಳು, ಸೊಪ್ಪಿನ ಬಸ್ಸಾರು ಹೊಟ್ಟೆ ತುಂಬ ಇದ್ದರೆ ಏರಿಕೆ ನಿಧಾನ.

ಆದರೆ ಹುರುಳಿ, ಕಡಲೆಕಾಯಿ, ಮೊಟ್ಟೆಗಳನ್ನು ಹೆಣ್ಣುಮಕ್ಕಳ ತಟ್ಟೆಯಿಂದ ತೆಗೆಯಬೇಡಿರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಎಣ್ಣೆಯಂಶ, ಜೀವಸತ್ವಗಳ ಕೊರತೆಯಿಂದ ಮೊಣಕೈ, ಮೊಣಕಾಲಿನ ಚರ್ಮ ನೆಲಗಪ್ಪೆಯ ಬೆನ್ನಿನಂತೆ ಒರಟಾಗುವ ಕಾಯಿಲೆಯೂ ಉಂಟು. ಚರ್ಮಕ್ಕೆಂದು ಮಾಡಿದ ಪಥ್ಯ ಚರ್ಮವನ್ನೇ ಕೆಡಿಸೀತು.

ಇನ್ನೊಂದು ಮಾತು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಹಚ್ಚುವ ಕೆಲವು ‘ಬಿಳುಪು’ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲ ವಾರ ಮುಖ ತಿಳಿಯಾದಂತೆ ಕಂಡು, ಆಮೇಲೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಇಮ್ಮಡಿಯಾಗುತ್ತದೆ. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶಿಸಿದೆ. ಗಂಟುಗಟ್ಟಿ ನೋಯುವ, ಕಲೆಯುಳಿಸುವ ಮೊಡವೆಯಿದ್ದರೆ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸಿರಿ. ಹುಡುಗಿಯರಿಗೆ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಔಷಧಿ ಶುರುಮಾಡಿದ ಮೇಲೆ ಗುಣ ಕಾಣಲು 6ರಿಂದ 8 ವಾರ ಹಿಡಿಯುತ್ತದೆ. ಹದಿನೈದು ದಿನಕ್ಕೇ ಬಿಟ್ಟು ಬೇರೆಯದನ್ನು ಹುಡುಕಬಾರದು.