ಅಜ್ಜನ ಕಿಸೆಗಡಿಯಾರ

ಜಮಖಂಡಿ, ಮುಧೋಳಗಳು 1948ರವರೆಗೆ ದೇಶೀಯ ಸಂಸ್ಥಾನಗಳಾಗಿದ್ದವು. ಈ ಊರುಗಳಲ್ಲಿಯೂ ನೆರೆಯ ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿಯೂ ಹಳೆಯ ಮನೆಗಳ ಪೆಟ್ಟಿಗೆಯ ತಳದಲ್ಲಿ ಸರಪಳಿ ಸಹಿತವಾದ ಕಿಸೆಗಡಿಯಾರ ದೊರೆಯುವುದುಂಟು. ನಮ್ಮ ಮನೆಯಲ್ಲಿಯೂ ಅಜ್ಜನವರದೊಂದು ಇದೆ.

ಇಂಥ ಗಡಿಯಾರದ ಹುಟ್ಟೂರನ್ನು ತಿಳಿಯುವುದು ಹೇಗೆ? ಮುಖಫಲಕದ ಹೆಸರನ್ನಷ್ಟೇ ನಂಬಲಾಗದು. ಅನೇಕ ವೇಳೆ ಅದು ಮಾರಿದವರ ಹೆಸರು. 1886ರಲ್ಲಿ ಆರಂಭವಾದ ವೆಸ್ಟ್ ಎಂಡ್ ವಾಚ್ ಕಂಪನಿಯ ಫಲಕಗಳ ಮೇಲೆ ಮುಂಬಯಿ, ಕಲಕತ್ತೆಗಳ ಹೆಸರಿದ್ದರೂ ಒಳಗಿನ ಯಂತ್ರ ಸ್ವಿಟ್ಜರ್ಲೆಂಡಿನದು. ಆದುದರಿಂದ ಹಿಂಬದಿಯ ಮುಚ್ಚಳ ತೆರೆಯಿಸಿ, ಯಂತ್ರದ ಮೇಲಿನ ಗುರುತನ್ನೂ ಸಂಖ್ಯೆಯನ್ನೂ ಓದಬೇಕು. ಮುಚ್ಚಳದೊಳಗೆ 0.800 ಎಂದಿದ್ದರೆ ಲೋಹದ ನೂರರಲ್ಲಿ 80 ಪಾಲು ಬೆಳ್ಳಿಯೆಂದು ಅರ್ಥ.

ಯಂತ್ರದ ಹೃದಯವೆಂದರೆ ತೂಗುಚಕ್ರ. ಕೂದಲೆಳೆಯಂಥ ಸುರುಳಿ ಕಮಾನಿನ ಬಲದಿಂದ ಅದು ಅತ್ತಿತ್ತ ಹೊರಳುತ್ತದೆ. ಇಂಥ ಹಲವು ಗಡಿಯಾರಗಳಲ್ಲಿ ಸೆಕೆಂಡಿಗೆ 5 ಬಡಿತ; ದಿನಕ್ಕೆ 4,32,000! ಚಕ್ರದ ಅಚ್ಚಿನ ಸೂಕ್ಷ್ಮವಾದ ತುದಿಗಳು ಮಾಣಿಕ್ಯದ ಕುಳಿಗಳಲ್ಲಿ ತಿರುಗುತ್ತವೆ. ಅಲ್ಲಿ ಬೇಕಾದುದು ಕಣ್ಣಿಗೆ ಕಂಡೂ ಕಾಣದಷ್ಟು ಎಣ್ಣೆ.

ವಿದ್ಯಾರ್ಥಿಯಾಗಿದ್ದಾಗ ನಾವು ಎಡವಿದ್ದು ಇಲ್ಲಿಯೇ. ಒಂದು ಬೇಸಗೆಯಲ್ಲಿ, ನಿಂತಿದ್ದ ಗಡಿಯಾರಕ್ಕೆ ಕೊಬ್ಬರಿ ಎಣ್ಣೆ ಬಿಟ್ಟೆವು. ಅದು ಓಡತೊಡಗಿತು, ನಮ್ಮ ಹಿಗ್ಗಿಗೆ ಪಾರವಿರಲಿಲ್ಲ. ಚಳಿಗಾಲ ಬಂದೊಡನೆ ಮುಂಜಾನೆ ನಿಲ್ಲುವುದು, ಮಧ್ಯಾಹ್ನ ಅಲುಗಿಸಿದರೆ ಹೊರಡುವುದು—ಇದೊಂದು ಒಗಟಾಯಿತು. ಉತ್ತರ ಅಡುಗೆಮನೆಯ ಶೀಸೆಯಲ್ಲಿತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ! ಅಷ್ಟರಲ್ಲಿ ಅಂಟಾದ ಎಣ್ಣೆಗೆ ಧೂಳು ಹತ್ತಿ ಅಚ್ಚಿನ ತುದಿಯೊಂದು ಸವೆದಿತ್ತು.

ಕೊನೆಗೆ ಅನುಭವಿ ದುರಸ್ತಿಗಾರರೊಬ್ಬರ ಮೊರೆಹೊಕ್ಕೆವು. ಅವರು ಮೊದಲು ಮುಖ್ಯ ಕಮಾನಿನ ಬಿಗಿಯನ್ನು ಮೆಲ್ಲನೆ ಇಳಿಸಿದರು. ಇಲ್ಲವಾದರೆ ಬಿಡಿಸುವಾಗ ಅದು ಸಿಡಿದು ಹಲ್ಲುಗಳು ಮುರಿದಾವು. ಬಳಿಕ ಭಾಗಗಳನ್ನು ತೊಳೆದು, ಸವೆದ ಅಚ್ಚನ್ನು ಬದಲಿಸಿ, ಗಡಿಯಾರದ ಎಣ್ಣೆಯನ್ನು ಸೂಜಿಮೊನೆಯಿಂದ ಇಟ್ಟರು. ಫಲಕದ ಕಲೆಗಳನ್ನು ಉಜ್ಜಲು ನಾವು ಒಪ್ಪಲಿಲ್ಲ. ಉಜ್ಜಿದರೆ ಅಕ್ಷರಗಳೂ ಅಳಿಯುತ್ತವೆ.

ಇನ್ನೊಂದು ಎಚ್ಚರಿಕೆ. ಕತ್ತಲಲ್ಲಿ ಹೊಳೆಯಲೆಂದು ಹಳೆಯ ಅಂಕಿಗಳಿಗೆ ರೇಡಿಯಂ ಬಳಿದಿರಬಹುದು. ಹೊಳಪು ಆರಿದ್ದರೂ ವಿಕಿರಣ ಆರಿರುವುದಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅಂಥ ಗಡಿಯಾರವನ್ನು ತೆರೆಯಬಾರದು, ಕೆರೆಯಬಾರದು.

ನಮ್ಮ ಗಡಿಯಾರ ಈಗ ದಿನಕ್ಕೆ 1 ನಿಮಿಷ ಮುಂದೆ ಓಡುತ್ತದೆ. 1440 ನಿಮಿಷಗಳಲ್ಲಿ ಒಂದು! ಅಜ್ಜನವರ ಗಡಿಯಾರಕ್ಕೆ ಅಷ್ಟು ಸಲಿಗೆ ಸಲ್ಲಬೇಕು. ವಾಚಕರ ಮನೆಯಲ್ಲಿಯೂ ಇಂಥದೊಂದು ನಿಂತಿದ್ದರೆ ಕೀಲಿಯನ್ನು ಬಲವಂತವಾಗಿ ತಿರುಗಿಸದಿರಲಿ. ಎಣ್ಣೆಯ ಶೀಸೆ ಅಡುಗೆಮನೆಯಲ್ಲಿಯೇ ಇರಲಿ.