ಕಡಲೂರಿನ ವೃತ್ತ: ತಪ್ಪು ಕಲ್ಪನೆ ಮತ್ತು ಸತ್ಯ

ಪಡುವಣ ಕಡಲಿಗೂ ಸಹ್ಯಾದ್ರಿಗೂ ನಡುವಿನ ಕಿರಿದಾದ ನೆಲಪಟ್ಟಿಯಲ್ಲಿ ಕುಮಟೆಯಿಂದ ಭಟ್ಕಳದವರೆಗೆ ಊರುಗಳೆಲ್ಲ ಒಂದೇ ಹೆದ್ದಾರಿಯನ್ನು ಆಶ್ರಯಿಸಿ ಬೆಳೆದಿವೆ. ಆದಕಾರಣ ಇಡಗುಂಜಿಯ ಮಹಾಗಣಪತಿಯ ದರ್ಶನಕ್ಕೆಂದು ಹೊರಟ ಯಾತ್ರಿಕನೂ, ಮುರುಡೇಶ್ವರದ ಕಡಲತೀರವನ್ನು ಅರಸಿ ಬಂದ ಪ್ರವಾಸಿಯೂ, ಮೀನು ತುಂಬಿಕೊಂಡು ಇರುಳಿನಲ್ಲಿಯೇ ಹೊರಡುವ ಲಾರಿಯೂ, ಪುಸ್ತಕದ ಚೀಲ ಹೊತ್ತು ಶಾಲೆಗೆ ನಡೆಯುವ ಮಗುವೂ ಅವೇ ಕೆಲವು ಸಂಧಿಸ್ಥಾನಗಳನ್ನು ಹಾಯ್ದು ಹೋಗದೆ ಗತ್ಯಂತರವಿಲ್ಲ. ಹಿಂದೆ 17 ಎಂದು ಕರೆಯಲ್ಪಡುತ್ತಿದ್ದು ಈಗ 66 ಆಗಿರುವ ಈ ಹೆದ್ದಾರಿಯನ್ನು ಹೊನ್ನಾವರದಲ್ಲಿ ಗೇರುಸೊಪ್ಪೆಯ ಘಟ್ಟವಿಳಿದು ಬರುವ 69ನೆಯ ಹೆದ್ದಾರಿ ಬಂದು ಕೂಡುತ್ತದೆ. ಭಟ್ಕಳದ ಶಂಸುದ್ದೀನ್ ಸರ್ಕಲ್, ಹೊನ್ನಾವರದ ಶರಾವತಿ ಸರ್ಕಲ್, ಕುಮಟೆಯ ಗಿಬ್ ಸರ್ಕಲ್ ಎಂಬ ಹೆಸರುಗಳು ಇಲ್ಲಿಯ ಜನಕ್ಕೆ ಮನೆಮಾತು. ಆದರೆ ವೃತ್ತವೆಂಬುದು ಏತಕ್ಕಾಗಿ ಇದೆ, ಅದರಲ್ಲಿ ಯಾರು ಯಾರಿಗೆ ದಾರಿ ಬಿಡತಕ್ಕದ್ದು ಎಂಬ ವಿಷಯದಲ್ಲಿ ಬಳಕೆಯಲ್ಲಿರುವ ಕಲ್ಪನೆಗಳು ಬಹುಮಟ್ಟಿಗೆ ವಿಪರೀತವಾಗಿವೆ. ಆ ವೈಪರೀತ್ಯಕ್ಕೆ ತೆರುವ ಬೆಲೆ ಪ್ರಾಣರೂಪದ್ದಾದ್ದರಿಂದ ಅವನ್ನು ಸಾವಧಾನವಾಗಿ ಪರಿಶೀಲಿಸುವುದು ಅವಶ್ಯಕ.

ನಾಲ್ಕು ದಾರಿಗಳು ಕೂಡುವಲ್ಲಿ ಒಂದು ಕಟ್ಟೆ ಕಟ್ಟಿ, ಅದರ ಮೇಲೊಂದು ಪ್ರತಿಮೆಯನ್ನೋ ದೀಪಸ್ತಂಭವನ್ನೋ ನಿಲ್ಲಿಸಿದರೆ ವೃತ್ತ ಸಿದ್ಧವಾಯಿತೆಂಬುದು ಇವುಗಳಲ್ಲೆಲ್ಲ ಹಳೆಯ ಕಲ್ಪನೆ. ಇದಕ್ಕೆ ಇತಿಹಾಸವೂ ಒಂದಿಷ್ಟು ಕಾರಣ. ನ್ಯೂಯಾರ್ಕಿನ ಕೊಲಂಬಸ್ ವೃತ್ತದಲ್ಲಿ ವಾಹನಗಳು ಒಂದೇ ದಿಕ್ಕಿಗೆ ಸುತ್ತಬೇಕೆಂಬ ಏರ್ಪಾಡು 1905ರಲ್ಲಿ ಆರಂಭವಾದಾಗಲೂ, ತರುವಾಯ ಪ್ಯಾರಿಸ್ಸಿನಲ್ಲಿ ಅದು ರೂಢಿಗೆ ಬಂದಾಗಲೂ ಸ್ಮಾರಕಗಳು ಅಲ್ಲಿ ಮೊದಲೇ ಇದ್ದವು. ಸಂಚಾರವು ಅವನ್ನು ಬಳಸಿಕೊಂಡು ಹೋಗುವುದನ್ನು ಆಮೇಲೆ ಕಲಿಯಿತು. ನಮ್ಮ ಮೈಸೂರಿನ ವೃತ್ತಗಳು ಸಹ ರಾಜಧಾನಿಯ ಶೋಭೆಗೆ ಅಲಂಕಾರವಾಗಿಯೇ ಪ್ರಸಿದ್ಧಿ ಪಡೆದವು. ಆದರೆ ಸುತ್ತುವ ದಿಕ್ಕನ್ನು ಮಾತ್ರ ಗೊತ್ತುಮಾಡಿ, ಒಳಗಿರುವವನಿಗೂ ಹೊರಗಿನಿಂದ ಬರುವವನಿಗೂ ಇರುವ ಸಂಬಂಧವನ್ನು ಗೊತ್ತುಮಾಡದೆ ಬಿಟ್ಟ ಆ ಹಳೆಯ ವೃತ್ತಗಳು ವಾಹನಗಳು ಹೆಚ್ಚಿದಂತೆಲ್ಲ ಪದೇಪದೇ ಸಿಕ್ಕಿಕೊಂಡು ನಿಂತವು. ಇದರಿಂದ ವೃತ್ತವೇ ಅನುಪಯುಕ್ತವೆಂಬ ಮಾತು ಎಷ್ಟೋ ದೇಶಗಳಲ್ಲಿ ಹಬ್ಬಿತು.

ಆ ಸಿಕ್ಕಿಗೆ ಕಾರಣವೇನೆಂಬುದನ್ನು ತಿಳಿಯಲು ಚೌತಿಯ ದಿನ ಇಡಗುಂಜಿಯ ದೇವಾಲಯದ ಬಾಗಿಲನ್ನು ಕಲ್ಪಿಸಿಕೊಂಡರೆ ಸಾಕು: ದರ್ಶನ ಮುಗಿಸಿದವರು ಹೊರಬರುವುದಕ್ಕೆ ಎಡೆಗೊಡದೆ ಹೊರಗಿನವರೇ ಒತ್ತಿಕೊಂಡು ಒಳನುಗ್ಗಿದರೆ, ಒಳಗಿನವರು ಹೊರಡಲಾರರು, ಹೊರಗಿನವರು ಒಳಸೇರಲಾರರು. ವೃತ್ತವೂ ಹಾಗೆಯೇ. ಒಳಗೆ ಸುತ್ತುತ್ತಿರುವ ವಾಹನವು ತನ್ನ ದಾರಿ ಹಿಡಿದು ಹೊರಬಿದ್ದಾಗ ಮಾತ್ರ ಅಲ್ಲಿ ತೆರಪು ಉಂಟಾಗುತ್ತದೆ. ಹೊಸದಾಗಿ ಬರುವವನು ಅದಕ್ಕೆ ಅಡ್ಡಬಂದನಾದರೆ ಹಿಂದಿನದೂ ಅದರ ಹಿಂದಿನದೂ ನಿಂತು, ಆ ಸಾಲು ಸುತ್ತಿಬಂದು ತನ್ನ ಬಾಲವನ್ನೇ ಮುಟ್ಟುತ್ತದೆ. ಈ ಗಂಟನ್ನು ಬಿಡಿಸಿದ್ದು ಒಂದೇ ಒಂದು ನಿಯಮ. ನಮ್ಮಂತೆಯೇ ಎಡಬದಿಯಲ್ಲಿ ಸಂಚರಿಸುವ ಬ್ರಿಟನ್ನಿನಲ್ಲಿ, ವೃತ್ತವನ್ನು ಪ್ರವೇಶಿಸುವವನು ತನ್ನ ಬಲಗಡೆಯಿಂದ ಸುತ್ತಿ ಬರುತ್ತಿರುವವನಿಗೆ ದಾರಿ ಬಿಡತಕ್ಕದ್ದೆಂದು 1966ರಲ್ಲಿ ವಿಧಿಸಲಾಯಿತು. ಫ್ರಾನ್ಸ್ ದೇಶವು ಪ್ರವೇಶಿಸುವವನಿಗೇ ಹಕ್ಕು ಕೊಡುತ್ತಿದ್ದ ತನ್ನ ಹಳೆಯ ಪದ್ಧತಿಯನ್ನು 1980ರ ದಶಕದಲ್ಲಿ ಬಿಟ್ಟುಕೊಟ್ಟ ಮೇಲೆ ಅಲ್ಲಿಯ ವೃತ್ತಗಳ ಸಂಖ್ಯೆ ಮೂವತ್ತು ಸಾವಿರವನ್ನೂ ಮೀರಿತು.

ನಮ್ಮಲ್ಲಿಯಾದರೋ ದೊಡ್ಡ ಗಾಡಿಗೆ ದಾರಿ, ಮೊದಲು ಹಾರ್ನ್ ಹಾಕಿದವನಿಗೆ ದಾರಿ, ಹೆದ್ದಾರಿಯಲ್ಲಿ ಬರುವವನಿಗೆ ದಾರಿ ಎಂಬ ಮೂರು ಅಲಿಖಿತ ಶಾಸನಗಳು ನಡೆಯುತ್ತಿವೆ. ಮೂರೂ ತಪ್ಪು. ಮುಖ್ಯ ರಸ್ತೆಯವನಿಗೆ ಅಡ್ಡರಸ್ತೆಯವನು ದಾರಿ ಬಿಡಬೇಕೆಂಬುದು ಸಾಮಾನ್ಯ ಸಂಧಿಗಳಲ್ಲಿ ಸರಿಯೇ ಸರಿ. ಆದರೆ ಫಲಕದ ಮೂಲಕ ವೃತ್ತವೆಂದು ಸೂಚಿಸಲ್ಪಟ್ಟ ಸ್ಥಳದಲ್ಲಿ, ಒಳಹೊಕ್ಕಿರುವ ವಾಹನಕ್ಕೇ ಅಗ್ರಾಧಿಕಾರವೆಂದು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಇಡಗುಂಜಿಯ ಕಡೆಯಿಂದ ಸ್ಕೂಟರಿನಲ್ಲಿ ಬಂದು ವೃತ್ತದೊಳಗೆ ಸೇರಿರುವ ಬಡ ರೈತನಿಗೆ, ದೂರದ ನಗರದಿಂದ ವೇಗವಾಗಿ ಬರುತ್ತಿರುವ ಐಷಾರಾಮಿ ಬಸ್ಸು ನಿಂತು ದಾರಿ ಬಿಡಲೇಬೇಕು. ಈ ಸಮತ್ವವನ್ನು ನಾನು ವೃತ್ತದ ಗುಣಗಳಲ್ಲಿ ಅತ್ಯಂತ ಶ್ರೇಷ್ಠವಾದುದೆಂದು ಭಾವಿಸುತ್ತೇನೆ.

ವೃತ್ತವು ದೊಡ್ಡದಾದಷ್ಟೂ, ಅದಕ್ಕೆ ಬಂದು ಸೇರುವ ರಸ್ತೆಯ ಬಾಯಿ ಅಗಲವಾದಷ್ಟೂ ಮೇಲೆಂಬ ನಂಬಿಕೆಯೂ ವ್ಯಾಪಕವಾಗಿದೆ. ವಸ್ತುತಃ ವಿಶಾಲವಾದ ಬಾಯಿಯು ವಾಹನವನ್ನು ನೇರವಾಗಿ, ವೇಗ ತಗ್ಗಿಸದೆಯೇ ಒಳಗೆ ಬಿಟ್ಟುಕೊಳ್ಳುತ್ತದೆ. ವೃತ್ತದಿಂದಾಗುವ ಉಪಕಾರವೆಲ್ಲ ಚಾಲಕನ ದಾರಿಯನ್ನು ಬಾಗಿಸಿ ಅವನು ತಾನಾಗಿಯೇ ನಿಧಾನಿಸುವಂತೆ ಮಾಡುವುದರಲ್ಲಿದೆ. ಬ್ರಿಟನ್ನಿನ ಸಾರಿಗೆ ಸಂಶೋಧನಾಲಯದ ಫ್ರಾಂಕ್ ಬ್ಲ್ಯಾಕ್‌ಮೋರ್ ಅವರು 1960ರ ದಶಕದ ಕೊನೆಯಲ್ಲಿ ನಡುಗಟ್ಟೆಯನ್ನು ಕಿರಿದುಮಾಡುತ್ತ ಹೋಗಿ, ಕೇವಲ ಬಣ್ಣ ಬಳಿದ ಗುರುತಿನಷ್ಟು ಚಿಕ್ಕ ವೃತ್ತವೂ ಸಮರ್ಪಕವಾಗಿ ಕೆಲಸ ಮಾಡಬಲ್ಲುದೆಂದು ತೋರಿಸಿದರು. ನಮ್ಮ ಭಾರತೀಯ ರಸ್ತೆ ಕಾಂಗ್ರೆಸ್ಸಿನ 1976ರ ಸೂತ್ರಗಳು ಸಹ ವೃತ್ತದ ವೇಗವನ್ನು ಊರೊಳಗೆ ಗಂಟೆಗೆ 30, ಊರ ಹೊರಗೆ 40 ಕಿಲೋಮೀಟರುಗಳೆಂದು ಇಟ್ಟುಕೊಂಡೇ ವಿನ್ಯಾಸವನ್ನು ಹೇಳಿದ್ದವು. ಇದರ ಮಹತ್ವ ಪ್ರಕೃತಿನಿಯಮದಲ್ಲಿದೆ: ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗಕ್ಕನುಗುಣವಾಗಿ ಏರುವುದರಿಂದ, 60ರ ವೇಗದ ಕಾರು 30ರ ವೇಗದ ಅದೇ ಕಾರಿಗಿಂತ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಶಕ್ತಿಯಿಂದ ಬಂದು ಹೊಡೆಯುತ್ತದೆ. 30ರ ವೇಗದಲ್ಲಿ ತಗುಲಿದ ಪಾದಚಾರಿಗಳಲ್ಲಿ ಬಹುಪಾಲು ಜನ ಬದುಕಿ ಉಳಿಯುತ್ತಾರೆ. ಅದರ ಇಮ್ಮಡಿ ವೇಗದಲ್ಲಿ ಆ ಆಸೆ ತೀರ ಕ್ಷೀಣ.

ಸಿಗ್ನಲ್ ದೀಪಗಳಿದ್ದರೆ ಇದಕ್ಕಿಂತ ಸುರಕ್ಷಿತವಲ್ಲವೆ ಎಂದು ಕೇಳುವವರು ಅನೇಕರು. ನಾಲ್ಕು ದಾರಿಗಳ ಸಾಮಾನ್ಯ ಸಂಧಿಯಲ್ಲಿ ಒಂದು ವಾಹನದ ಪಥವು ಇನ್ನೊಂದರ ಪಥಕ್ಕೆ ತಗುಲುವ ಬಿಂದುಗಳು 32; ಒಂದೇ ಪಥದ ವೃತ್ತದಲ್ಲಿ ಅವು 8 ಮಾತ್ರ, ಅವುಗಳಲ್ಲಿಯೂ ಅಡ್ಡಹಾಯುವ ಬಿಂದು ಒಂದೂ ಇಲ್ಲ. ಕೆಂಪು ದೀಪವನ್ನು ಲಕ್ಷಿಸದೆ ಹಾಯ್ದವನ ಡಿಕ್ಕಿ ಪೂರ್ಣ ವೇಗದ್ದು, ಪಕ್ಕೆಗೆ ಬಂದು ತಾಗುವಂತಹದು; ವೃತ್ತದಲ್ಲಿ ತಪ್ಪಿದವನ ಡಿಕ್ಕಿ ಬಹುತೇಕ ಮೈ ಉಜ್ಜಿಹೋಗುವಂತಹದು. ಅಮೆರಿಕದ ಎಂಟು ರಾಜ್ಯಗಳಲ್ಲಿ ವೃತ್ತಗಳಾಗಿ ಪರಿವರ್ತಿತವಾದ 24 ಸಂಧಿಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಟ್ಟು ಅಪಘಾತಗಳು ನೂರಕ್ಕೆ 38ರಷ್ಟೂ, ಗಾಯಗಳಾಗುವ ಅಪಘಾತಗಳು ನೂರಕ್ಕೆ 76ರಷ್ಟೂ ತಗ್ಗಿದುದು ಕಂಡುಬಂದಿತು. ಈ ಅನುಪಾತವನ್ನು ಹಾಗೆಯೇ ಎತ್ತಿ ನಮ್ಮ ಊರಿಗೆ ಅನ್ವಯಿಸುವುದು ವಿವೇಕವಲ್ಲ. ಅಲ್ಲಿ ದ್ವಿಚಕ್ರ ವಾಹನಗಳು ವಿರಳ, ಇಲ್ಲಿ ಅವೇ ಬಹುಸಂಖ್ಯಾತ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಆಷಾಢದ ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋಗುವ ಈ ಕರಾವಳಿಯಲ್ಲಿ, ತಂತಿಯ ಹಂಗಿಲ್ಲದೆ ಹಗಲಿರುಳೂ ಕೆಲಸ ಮಾಡುವ ಏರ್ಪಾಡಿನ ಬೆಲೆಯನ್ನು ಕಡಿಮೆಯೆಂದು ಎಣಿಸಲಾಗದು.

ನಡುಗಟ್ಟೆಯ ಮೇಲೆ ದೃಷ್ಟಿಗೆ ಅಡ್ಡವಾಗುವ ಏನೊಂದೂ ಇರಕೂಡದೆಂಬ ಮಾತು ಅರ್ಧ ಸತ್ಯ. ಕಟ್ಟೆಯ ಮಧ್ಯಭಾಗ ಕೊಂಚ ಉಬ್ಬಿ ಎದುರಿನ ರಸ್ತೆಯನ್ನು ಮರೆಮಾಡಿದರೆ ಒಳ್ಳೆಯದೇ. ದಾರಿ ಮುಂದೆ ನೆಟ್ಟಗಿಲ್ಲವೆಂಬುದು ದೂರದಿಂದಲೇ ಚಾಲಕನಿಗೆ ಮನವರಿಕೆಯಾಗುತ್ತದೆ, ರಾತ್ರಿ ಎದುರು ವಾಹನದ ದೀಪ ಕಣ್ಣಿಗೆ ರಾಚುವುದಿಲ್ಲ. ಬಯಲಾಗಿರಬೇಕಾದದ್ದು ಪ್ರವೇಶಿಸುವವನ ಬಲಗಡೆಯ ನೋಟ. ಜಾತ್ರೆಯ ಶುಭಾಶಯದ ಫ್ಲೆಕ್ಸುಗಳನ್ನು ಕಟ್ಟುವುದು ಆ ನೋಟಕ್ಕೇ ಅಡ್ಡವಾಗಿ, ಆಟೋಗಳು ಸಾಲಾಗಿ ನಿಲ್ಲುವುದೂ ಅಲ್ಲಿಯೇ. ಅಲಂಕಾರದ ಮೋಹದ ಪರಿಣಾಮವನ್ನು ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಎಂಬ ಕಡಲತೀರದ ಊರು ಅನುಭವಿಸಿತು: 1999ರ ಕೊನೆಯಲ್ಲಿ ಅಲ್ಲಿ ಬಹುಪಥದ ದೊಡ್ಡ ವೃತ್ತವೊಂದು ಭವ್ಯವಾದ ಕಾರಂಜಿಯೊಡನೆ ತೆರೆಯಲ್ಪಟ್ಟು, ಮೊದಲ ತಿಂಗಳುಗಳಲ್ಲಿಯೇ ಸಣ್ಣಪುಟ್ಟ ಡಿಕ್ಕಿಗಳು ಹೆಚ್ಚಿ, ಪಥಗಳ ವಿನ್ಯಾಸವನ್ನು ತಿದ್ದಬೇಕಾಗಿ ಬಂದಿತು, ಕಾರಂಜಿಯನ್ನೂ ಮುಂದೆ ತೆಗೆದುಹಾಕಲಾಯಿತು.

ಹಾಗೆಂದು ವೃತ್ತವು ಸರ್ವರೋಗಹರವೆಂದು ಭ್ರಮಿಸಲಾಗದು. ಎಲ್ಲ ದಾರಿಗಳಿಂದ ಕೂಡಿ ಗಂಟೆಗೆ ಸುಮಾರು 3000 ವಾಹನಗಳವರೆಗೆ ಅದು ತಾಳಬಲ್ಲುದೆಂದು ಮೇಲೆ ಹೇಳಿದ 1976ರ ಸೂತ್ರಗಳೇ ಮಿತಿ ಹಾಕಿದ್ದವು. ಮಂಗಳೂರಿನ ಪಂಪ್‌ವೆಲ್ಲಿನಲ್ಲಿ ಕಲಶವನ್ನು ಹೊತ್ತು ನಿಂತಿದ್ದ ಮಹಾವೀರ ವೃತ್ತ ಹೋಗಿ, 2020ರ ಜನವರಿಯಲ್ಲಿ ಅಲ್ಲಿ ಮೇಲ್ಸೇತುವೆ ತೆರೆದುದು ಇಂತಹ ಒತ್ತಡದಿಂದಲೇ. ಚತುಷ್ಪಥವಾದ ಹೆದ್ದಾರಿಯ ನಟ್ಟನಡುವೆ ವೃತ್ತವನ್ನಿಟ್ಟು ದೂರಪಯಣದ ಲಾರಿಗಳನ್ನು ಅದರ ಸುತ್ತ ತಿರುಗಿಸುವುದು ನನ್ನ ಅಭಿಪ್ರಾಯದಲ್ಲಿ ಉಚಿತವಲ್ಲ. ಹೆದ್ದಾರಿಯಿಂದಿಳಿದು ಸರ್ವಿಸ್ ರಸ್ತೆ ಸೇರುವಲ್ಲಿ, ಇಡಗುಂಜಿ, ಮುರುಡೇಶ್ವರ, ಕಾಸರಕೋಡುಗಳ ಒಳದಾರಿಗಳು ಕವಲೊಡೆಯುವಲ್ಲಿ ಅದರ ನಿಜವಾದ ನೆಲೆಯಿದೆ.

ನಡೆಯುವವರ ವಿಷಯದಲ್ಲಂತೂ ಅತ್ಯಂತ ಅಪಾಯಕರವಾದ ಕಲ್ಪನೆ ಬೇರೂರಿದೆ. ನಡುಗಟ್ಟೆಯನ್ನು ಹಾದು ಅಡ್ಡಕ್ಕೆ ದಾಟುವುದೇ ಸಮೀಪದ ದಾರಿಯೆಂದು ಸಂಕಷ್ಟಿಯ ದಿನ ಎಷ್ಟೋ ಕುಟುಂಬಗಳು ಮಕ್ಕಳ ಕೈಹಿಡಿದು ಹೊರಡುತ್ತವೆ. ಸುತ್ತುವ ವಾಹನದ ಚಾಲಕನ ಗಮನ ಆ ಕ್ಷಣದಲ್ಲಿ ಬೇರೆಡೆಯಿರುತ್ತದೆಂಬುದು ಅವರಿಗೆ ತಿಳಿಯದು. ದಾಟುವ ಸ್ಥಳವಿರಬೇಕಾದದ್ದು ವೃತ್ತದ ಬಾಯಿಂದ ಒಂದು ಕಾರಿನ ಉದ್ದದಷ್ಟು ಹಿಂದಕ್ಕೆ. ಬರುವ ಹೋಗುವ ಪಥಗಳ ನಡುವೆ ಏರಿಸಿ ಕಟ್ಟಿದ ಚಿಕ್ಕ ತಿಟ್ಟೊಂದಿದ್ದರೆ, ವೃದ್ಧರು ಒಮ್ಮೆಗೆ ಒಂದೇ ದಿಕ್ಕನ್ನು ನೋಡಿಕೊಂಡು, ನಡುವೆ ನಿಂತು, ಎರಡು ಹಂತಗಳಲ್ಲಿ ದಾಟಬಹುದು. ಬಸ್ಸಿನ ನಿಲುಗಡೆಯೂ ಆಟೋ ನಿಲ್ದಾಣವೂ ಹೀಗೆಯೇ ಬಾಯಿಂದ ದೂರ ಸರಿಯಬೇಕು. ಇದಕ್ಕೆಲ್ಲ ಮೊದಲೇ ಕಲ್ಲುಗಾರೆಯ ವೆಚ್ಚ ಬೇಕಾಗಿಲ್ಲ. ಮುಂದಿನ ಚೌತಿಗೆ ಒಂದು ತಿಂಗಳ ಮುಂಚೆ ಮರಳಿನ ಚೀಲ, ಸುಣ್ಣದ ಗೆರೆ, ದಾರಿ ಬಿಡಿರೆಂಬ ಕನ್ನಡದ ಫಲಕ, ಇಷ್ಟರಿಂದಲೇ ವಿನ್ಯಾಸವನ್ನು ನೆಲದ ಮೇಲೆ ಮೂಡಿಸಿ, ಉದ್ದದ ಬಸ್ಸು ಸಲೀಸಾಗಿ ತಿರುಗುವುದೋ, ಚಾಲಕರು ಎಲ್ಲಿ ತಡವರಿಸುವರೋ ಎಂಬುದನ್ನು ಪಂಚಾಯಿತಿಯವರೂ ಪೊಲೀಸರೂ ಅಲ್ಲಿಯೇ ನಿಂತು ನೋಡಿ ತಿದ್ದಿಕೊಳ್ಳಬಹುದು. ಗೆರೆ ಸರಿಯಾದ ಮೇಲೆ ಕಲ್ಲು ಕೂರಿಸಿದರಾಯಿತು.