ಒಂದು ಮೈಕ್ರಾನ್‌ಗೆ ಎಷ್ಟು ಪರಮಾಣು?

ಪ್ರಶ್ನೆ: ಮೈಕ್ರಾನ್ ಅಳತೆಯನ್ನು ನಮ್ಮ ಪ್ರಾಚೀನ ಮಾನಗಳಿಗೆ ಪರಿವರ್ತಿಸಬಹುದೇ?

ಉತ್ತರ: ಖಂಡಿತ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಬೆಳಕಿಗೆ ತಂದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲೇ ಇದಕ್ಕೆ ಬೇಕಾದ ಏಣಿ ಇದೆ. ಎಂಟು ಪರಮಾಣು ಸೇರಿದರೆ ರಥಚಕ್ರ ಎಬ್ಬಿಸಿದ ಒಂದು ಧೂಳಿನ ಕಣ. ಅಂಥ ಎಂಟು ಕಣ ಒಂದು ಲಿಕ್ಷಾ, ಅಂದರೆ ಸೀರು. ಎಂಟು ಸೀರು ಒಂದು ಹೇನು. ಎಂಟು ಹೇನು ಒಂದು ಜವೆಕಾಳಿನ ನಡು. ಎಂಟು ಜವೆ ಒಂದು ಅಂಗುಲ. ಒಟ್ಟು 32,768 ಪರಮಾಣು.

ಅಂಗುಲವೆಂದರೆ ಮಧ್ಯಮ ಗಾತ್ರದ ಪುರುಷನ ನಡುಬೆರಳಿನ ದಪ್ಪ. ಅದನ್ನು 19 ಮಿಲಿಮೀಟರ್ ಎಂದು ಹಿಡಿದರೆ ಪರಮಾಣು ಸುಮಾರು 0.58 ಮೈಕ್ರಾನ್, ಒಂದು ಮೈಕ್ರಾನ್‌ಗೆ 1.7 ಪರಮಾಣು. ನಮ್ಮ ಕೆಂಪು ರಕ್ತಕಣದ ಅಗಲ ಹದಿಮೂರು ಪರಮಾಣು, 70 ಮೈಕ್ರಾನಿನ ತಲೆಗೂದಲು ಹತ್ತಿರ ಹತ್ತಿರ ಎರಡು ಲಿಕ್ಷಾ!

ಆದರೆ ಇದು ಇಂದಿನ ರಸಾಯನಶಾಸ್ತ್ರದ ಪರಮಾಣುವಲ್ಲ. ಅದು ಸಾವಿರಾರು ಪಟ್ಟು ಚಿಕ್ಕದು. ನಿಜವಾದ ಸೀರಿನ ಉದ್ದವೂ ಮುಕ್ಕಾಲು ಮಿಲಿಮೀಟರಿನಷ್ಟು. ಲೆಕ್ಕದ ಲಿಕ್ಷಾ ಬರೀ 37 ಮೈಕ್ರಾನ್. ಹಾಗಾಗಿ ಕೆಳಗಿನ ಮೆಟ್ಟಿಲುಗಳು ಅಳೆದು ಕಂಡವಲ್ಲ, ಎಂಟರಿಂದ ಭಾಗಿಸುತ್ತಾ ಇಳಿದವು ಎಂದೇ ನನಗನಿಸುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಕಣ್ಣಿಗೆ ಕಾಣದ್ದಕ್ಕೂ ಹೆಸರಿಟ್ಟು ಲೆಕ್ಕ ಹಾಕಿದ ಆ ಧೈರ್ಯ ನನಗೆ ಬಹಳ ಇಷ್ಟ.